ನಾಯಿಯ ಬೆನ್ನು, ನನ್ನ ಮೂರು ಇಡ್ಲಿ

ನಾಯಿಗೆ ವಯಸ್ಸಾಯಿತು ಎಂದು ಒಂದೂವರೆ ತಿಂಗಳು ನಾನು ಕಂಡವರಿಗೆಲ್ಲ ಹೇಳಿಕೊಂಡು ಕೂತಿದ್ದೆ. ಹನ್ನೊಂದು ವರ್ಷ ಎಂದರೆ ನಾಯಿಗೆ ಅಜ್ಜನ ಪ್ರಾಯ. ಅಜ್ಜಂದಿರು ಕಾಲೆಳೆದುಕೊಂಡೇ ನಡೆಯುವುದು, ಇದರಲ್ಲಿ ಡಾಕ್ಟರಿಗೆ ತೋರಿಸುವಂಥದ್ದು ಏನಿದೆ ಎಂದು ಗಲ್ಲಾಪೆಟ್ಟಿಗೆಯ ಹಿಂದೆ ಕೂತು ಭಾಷಣ ಬಿಗಿಯುತ್ತಿದ್ದೆ. ಮುಲುಂಡ್ ಸ್ಟೇಷನ್ನಿನಿಂದ ಹತ್ತು ನಿಮಿಷ ನಡೆದರೆ ಸಿಗುವ ಸಣ್ಣ ಹೋಟೆಲು ನನ್ನದು. ಉಡುಪಿ ಕಡೆಯಿಂದ ಬಂದು ಇಲ್ಲಿ ಇಡ್ಲಿ ಬೇಯಿಸಲು ಶುರುಮಾಡಿ ನಲವತ್ತು ವರ್ಷವಾಯಿತು. ನನ್ನ ಮಾತಿಗೆ ಎದುರಾಡುವ ಗಿರಾಕಿಗಳು ಕಡಿಮೆ, ಏಕೆಂದರೆ ಎದುರಾಡಿದವರಿಗೆ ಎರಡನೇ ಸಲದ ಚಟ್ನಿ ಸ್ವಲ್ಪ ತಡವಾಗುತ್ತದೆ.

ಎದುರಾಡಿದವಳು ಹೆಂಡತಿ ಒಬ್ಬಳೇ.

"ಅದ್ರ ಹಿಂದಿನ ಉಗುರು ನೋಡಿದ್ರಾ? ಮೇಲಿನ ಬದಿ ಸವೆದು ಹೋಗಿದೆ. ಪಾದ ಮಗುಚಿಕೊಂಡು ನಡೀತಾ ಉಂಟು."

"ಪ್ರಾಯ ಆಯ್ತಲ್ಲ."

"ನಿಮಗೂ ಆಯ್ತು. ನೀವು ಪಾದ ಮಗುಚಿ ನಡೆಯುದಿಲ್ಲ."

ಅವಳ ಮಾತು ನಿಜವಾಗಿತ್ತು. ಹೋಟೆಲಿನ ಟೈಲ್ಸಿನ ಮೇಲೆ ನಾಯಿ ಬರುವಾಗ ಕೇಳುವ ಟಿಕ್ ಟಿಕ್ ಸದ್ದು ಹೋಗಿ ಈಗ ಏನೋ ಎಳೆದುಕೊಂಡು ಬರುವ ಸದ್ದು ಕೇಳುತ್ತಿತ್ತು. ಅದು ಮರಿಯಾಗಿದ್ದಾಗ ನಮ್ಮ ಹಿಂಬಾಗಿಲಿಗೆ ತಾನಾಗಿ ಬಂದು ಸೇರಿದ್ದು. ಕಿವಿ ಮಾತ್ರ ದೊಡ್ಡ ಜಾತಿಯ ನಾಯಿಯಂತೆ ನಿಗುರಿಕೊಂಡಿದ್ದವು, ಉಳಿದದ್ದೆಲ್ಲ ನಮ್ಮ ಬೀದಿಯದ್ದೇ. ಬೆಳಗ್ಗೆ ನನ್ನ ಜೊತೆ ಹೋಟೆಲಿಗೆ ಬರುವುದು, ಮಧ್ಯಾಹ್ನ ಹೆಂಡತಿ ಬಂದು ಕರೆದರೆ ಅವಳ ಜೊತೆ ಮನೆಗೆ ಹೋಗುವುದು, ಇದು ಅದರ ದಿನಚರಿ. ನಮ್ಮ ಬಿಲ್ಡಿಂಗಿಗೆ ಲಿಫ್ಟಿಲ್ಲ, ಮನೆ ಮೂರನೇ ಮಹಡಿಯಲ್ಲಿ. ಮೊದಲು ಒಂದೇ ಉಸಿರಿಗೆ ಮೇಲೆ ಹತ್ತುತ್ತಿದ್ದ ನಾಯಿ ಈಗ ಪ್ರತಿ ಮಹಡಿಗೂ ನಿಂತು ಗೋಡೆಗೆ ಒರಗುತ್ತಿತ್ತು. ಮಕ್ಕಳಿಲ್ಲದ ನಮಗೆ ಆ ನಾಯಿ ಏನಾಗಿತ್ತು ಎಂಬುದನ್ನು ನಾನು ಬಿಡಿಸಿ ಹೇಳಬೇಕಾಗಿಲ್ಲ. ಹಾಗಿದ್ದೂ ಡಾಕ್ಟರಿಗೆ ತೋರಿಸಲು ತಡಮಾಡಿದೆ, ಅದು ನನ್ನ ಹಟ.

ಹೆಂಡತಿಯ ಬಾಯಿ ತಡೆಯಲಾರದೆ ಹತ್ತಿರದ ಪ್ರಾಣಿ ಡಾಕ್ಟರೊಬ್ಬರಲ್ಲಿಗೆ ಕರೆದುಕೊಂಡು ಹೋದೆ. ಅವರು ಸೊಂಟ ಒತ್ತಿ ನೋಡಿ, ಎಕ್ಸ್‌ರೇ ತೆಗೆದು, ಸಂಧಿ ಸವೆದಿದೆ ಎಂದು ಮಾತ್ರೆ ಕೊಟ್ಟರು. ನಾನು ಹೇಳಿದ್ದೇ ಸರಿಯಾಯಿತು ಎಂದು ನನಗೆ ಒಳಗೊಳಗೇ ಖುಷಿ. ಮಾತ್ರೆಯ ಜೊತೆಗೆ ನನ್ನದೂ ಒಂದು ಇರಲಿ ಎಂದು ಬಿಸಿ ಎಣ್ಣೆ ಹಚ್ಚಿ ದಿನಾ ಸೊಂಟ ತಿಕ್ಕಿದೆ. ಮೂರು ವಾರ ಕಳೆದ ಮೇಲೆ ಒಂದು ದಿನ ನಾಯಿ ಮೆಟ್ಟಿಲು ಇಳಿಯುವಾಗ ಅದರ ಎರಡು ಹಿಂಗಾಲುಗಳೂ ಒಂದಕ್ಕೊಂದು ತೊಡರಿಕೊಂಡು, ಅದು ನಾಲ್ಕು ಮೆಟ್ಟಿಲು ಉರುಳಿಬಿತ್ತು. ಹೆಂಡತಿ ನನ್ನನ್ನು ಕೇಳಲಿಲ್ಲ. ವಿಲೆ ಪಾರ್ಲೆಯಲ್ಲಿ ನಾಯಿಗಳ ಬೆನ್ನು ನೋಡುವ ಸರ್ಜನ್ ಒಬ್ಬರಿದ್ದಾರೆ ಎಂದು ಬಿಲ್ಡಿಂಗಿನವರಿಂದ ತಿಳಿದುಕೊಂಡು ತಾನೇ ಫೋನ್ ಮಾಡಿ ಸಮಯ ಗೊತ್ತುಮಾಡಿದಳು.

ಆ ಸರ್ಜನ್ ವಿಜಯಪುರದ ಕಡೆಯ ಹೆಂಗಸು, ನಲವತ್ತೈದರ ಆಸುಪಾಸು. ನಾವಿಬ್ಬರೂ ನಮ್ಮನಮ್ಮಲ್ಲೇ ಜಗಳಾಡುವುದನ್ನು ಕೇಳಿಸಿಕೊಂಡು ಹಿಂದಿ ಬಿಟ್ಟು ಕನ್ನಡಕ್ಕೆ ಬಂದರು. ನಾಯಿಯನ್ನು ನಿಲ್ಲಿಸಿ ಮುಂಗಾಲಿನ ಪಾದವನ್ನು ಮಗುಚಿ ನೆಲಕ್ಕೆ ಊರಿದರು. ನಾಯಿ ತಕ್ಷಣ ಅದನ್ನು ಸರಿಮಾಡಿಕೊಂಡಿತು. ಹಿಂಗಾಲಿನ ಪಾದವನ್ನೂ ಹಾಗೆಯೇ ಮಗುಚಿದರು. ನಾಯಿ ಸುಮ್ಮನೆ ನಿಂತಿತ್ತು. ಪಾದದ ಮೇಲ್ಭಾಗ ನೆಲಕ್ಕೆ ತಾಗಿಕೊಂಡೇ ಇತ್ತು, ಅದು ಯಾರದೋ ಕಾಲು ಎಂಬಂತೆ. ಆಮೇಲೆ ಅವರು ಬೆನ್ನಿನುದ್ದಕ್ಕೂ ಬೆರಳಿನಿಂದ ಒತ್ತುತ್ತ ಹೋದರು. ಪಕ್ಕೆಲುಬು ಮುಗಿಯುವ ಜಾಗಕ್ಕೆ ಬಂದಾಗ ನಾಯಿ ತೇಕುವುದನ್ನು ನಿಲ್ಲಿಸಿ ಹೊಟ್ಟೆ ಬಿಗಿಹಿಡಿಯಿತು.

"ಇದು ಸೊಂಟದ ಬ್ಯಾನಿ ಅಲ್ರೀ," ಎಂದರು. "ಬೆನ್ನಾಗಿನ ಹುರಿ ಒತ್ಕೊಂಡದ."

ನನಗೆ ಅರ್ಥವಾಗಲೆಂದು ಅವರು ಹೋಟೆಲಿನ ಭಾಷೆಗೇ ಇಳಿದರು. ಬೆನ್ನುಮೂಳೆಯ ಮಣಿಗಳ ನಡುವೆ ಮೆತ್ತೆಗಳಿರುತ್ತವೆ. ವಯಸ್ಸಾದಂತೆ ಮೆತ್ತೆ ಗಟ್ಟಿಯಾಗಿ, ಉಬ್ಬಿ, ಮೇಲೆ ಹಾದುಹೋಗುವ ನರದ ಹುರಿಯನ್ನು ಒತ್ತುತ್ತದೆ. ಗ್ಯಾಸಿನ ರಬ್ಬರ್ ಪೈಪಿನ ಮೇಲೆ ಸ್ಟೂಲಿನ ಕಾಲು ಕೂತರೆ ಒಲೆಗೆ ಏನಾಗುತ್ತದೋ ಹಿಂಗಾಲಿಗೂ ಅದೇ ಆಗುತ್ತದೆ. ಆದರೆ ಗಡ್ಡೆಯಿದ್ದರೂ ಹೀಗೇ ಆಗಬಹುದು, ಹುರಿಯೇ ಒಳಗಿಂದ ಸವೆಯುವ ಇನ್ನೊಂದು ರೋಗವೂ ಇದೆ, ಅದಕ್ಕೆ ಆಪರೇಷನ್ ಇಲ್ಲ. ಹುರಿ ಎಕ್ಸ್‌ರೇಯಲ್ಲಿ ಕಾಣುವುದಿಲ್ಲ, ನಾಯಿಯನ್ನು ನಿದ್ದೆ ಮಾಡಿಸಿ ಎಂಆರ್‌ಐ ತೆಗೆಯಬೇಕು ಎಂದರು.

"ಇದಕ್ಕೆ ವಯಸ್ಸಾಗಿದೆಯಲ್ಲ," ಎಂದೆ ನಾನು, ಬಿಡದೆ.

"ವಯಸ್ಸು ಅನ್ನೂದು ರೋಗ ಅಲ್ರೀ. ಎದಿ, ಕಿಡ್ನಿ ಎರಡೂ ಛಲೋ ಇದ್ರ ನಾ ಮಾಡ್ತೀನಿ."

ಹೆಂಡತಿ ನನ್ನ ಕಡೆ ತಿರುಗಿ ನೋಡಿದಳು. ನಾನು ಗೋಡೆಯ ಕ್ಯಾಲೆಂಡರ್ ನೋಡಿದೆ.

ಸೋಮವಾರ ಎಂಆರ್‌ಐ ಆಯಿತು. ಅರಿವಳಿಕೆ ಕೊಡುವುದರಿಂದ ಹಿಂದಿನ ರಾತ್ರಿಯಿಂದ ಏನೂ ತಿನ್ನಿಸಬಾರದು ಎಂದಿದ್ದರು. ಹೊಟ್ಟೆಯಲ್ಲಿ ಏನಾದರೂ ಇದ್ದರೆ ಮಂಪರಿನಲ್ಲಿ ಅದು ಮೇಲೆ ಬಂದು ಶ್ವಾಸಕ್ಕೆ ಇಳಿಯುತ್ತದಂತೆ. ಆ ದಿನ ಹೆಂಡತಿ ನಾಯಿಯ ಪಕ್ಕವೇ ಕಾವಲು ಕೂತಳು. ಮಧ್ಯಾಹ್ನದವರೆಗೆ ಅದು ಹಸಿದು, ಒಂದು ಸಲ ನನ್ನ ಕೈ ಮೂಸಿ, ಒಂದು ಸಲ ನನ್ನ ಮುಖ ನೋಡಿ, ಮತ್ತೆ ಕೈ ಮೂಸಿತು. ಯಾರೂ ಹಸಿದು ಹೋಗಬಾರದು ಎಂದು ಬದುಕಿದವನು ನಾನು. ಆ ನೋಟ ನನಗೆ ತಡೆಯಲಾಗಲಿಲ್ಲ.

ಚಿತ್ರ ಬಂತು. ಬೆನ್ನಿನೊಳಗೆ ಬೆರಳಿನಷ್ಟು ದಪ್ಪಕ್ಕೆ ಬರುತ್ತಿದ್ದ ಹುರಿ ಒಂದೇ ಒಂದು ಕಡೆ ದಾರದಷ್ಟಾಗಿ, ಆಮೇಲೆ ಮತ್ತೆ ದಪ್ಪವಾಗಿತ್ತು. ಗಡ್ಡೆಯಲ್ಲ, ಮೆತ್ತೆಯೇ. ರಕ್ತಪರೀಕ್ಷೆ ಸರಿಯಿತ್ತು, ಎದೆಯೂ ಸರಿಯಿತ್ತು. ಗುರುವಾರ ಬೆಳಗ್ಗೆ ಆಪರೇಷನ್ ಎಂದು ಗೊತ್ತುಮಾಡಿದರು. ಮಣಿಯ ಪಕ್ಕದಲ್ಲಿ ಡ್ರಿಲ್ಲಿನಿಂದ ಕಿಟಕಿಯ ಹಾಗೆ ತೆರೆದು, ಒತ್ತುತ್ತಿರುವುದನ್ನು ಚೂರುಚೂರಾಗಿ ಹೆಕ್ಕಿ ತೆಗೆಯುವುದು. ಅಲ್ಲಿಯವರೆಗೆ ಮೆಟ್ಟಿಲು ಹತ್ತಿಸಬಾರದು, ಬುಧವಾರ ರಾತ್ರಿ ಒಂಬತ್ತರ ನಂತರ ಬಾಯಿಗೆ ಏನೂ ಹಾಕಬಾರದು. ಮೆಟ್ಟಿಲು ಬೇಡವೆಂದ ಮೇಲೆ ನಾಯಿಗೆ ಹೋಟೆಲಿನ ಹಿಂದಿನ ಸ್ಟೋರ್‌ರೂಮಿನಲ್ಲೇ ಹಾಸಿಗೆಯಾಯಿತು. ಹೆಂಡತಿ ಬುಧವಾರ ಸಂಜೆ ಮನೆಗೆ ಹೊರಡುವಾಗ ನನಗೆ ಮೂರು ಸಲ ಹೇಳಿ ಹೋದಳು. ಮೂರು ಸಲವೂ ನಾನು ಹೂಂ ಎಂದೆ.

ಗುರುವಾರ ಬೆಳಗ್ಗೆ ಐದೂಮುಕ್ಕಾಲಿಗೆ ಹೋಟೆಲು ತೆರೆದೆ. ನಮ್ಮಲ್ಲಿ ಒಂದು ಪದ್ಧತಿಯಿದೆ. ಮೊದಲ ಹಬೆಯ ಇಡ್ಲಿಯಲ್ಲಿ ಒಂದು ದೇವರ ಪಟದ ಮುಂದೆ, ಒಂದು ನಾಯಿಗೆ. ಅದಾದ ಮೇಲೆಯೇ ಗಿರಾಕಿಗೆ. ಹನ್ನೊಂದು ವರ್ಷ ನನ್ನ ಕೈಯಿಂದಲೇ ಅದು ನಡೆದಿತ್ತು. ಕೈ ಅಭ್ಯಾಸಬಲದಿಂದ ಕೊಟ್ಟಿತು, ಮರೆತುಹೋಯಿತು ಎಂದರೆ ನಿಮಗೂ ನಂಬಿಕೆ ಬರಬಹುದು. ಆದರೆ ಅದು ಸುಳ್ಳು. ನನಗೆ ಎಲ್ಲ ನೆನಪಿತ್ತು. ವಿಷಯ ಏನೆಂದರೆ, ನಮ್ಮ ವೃತ್ತಿಯವರಿಗೆ ಇಡ್ಲಿ ತಿನ್ನುವ ವಸ್ತುಗಳ ಸಾಲಿಗೇ ಸೇರುವುದಿಲ್ಲ. ಜ್ವರ ಬಂದವನಿಗೆ ಇಡ್ಲಿ, ಹಲ್ಲು ಬಾರದ ಮಗುವಿಗೆ ಇಡ್ಲಿ. ಪಕ್ಕದ ಬೀದಿಯ ನರ್ಸಿಂಗ್ ಹೋಮಿನಲ್ಲಿ ನಿನ್ನೆ ಹೊಟ್ಟೆ ಕೊಯ್ಸಿಕೊಂಡವನಿಗೂ ನನ್ನ ಹೋಟೆಲಿನಿಂದಲೇ ಇಡ್ಲಿ ಹೋಗುವುದು. ಏನೂ ತಿನ್ನಿಸಬೇಡಿ ಎಂದರೆ ಅನ್ನ, ಮೊಟ್ಟೆ, ಬಿಸ್ಕೇಟು ಎಂದು ನಾನು ಅರ್ಥಮಾಡಿಕೊಂಡೆ, ಅಥವಾ ಹಾಗೆ ಅರ್ಥಮಾಡಿಕೊಳ್ಳುವುದು ನನಗೆ ಬೇಕಾಗಿತ್ತು. ಬಿಸಿನೀರಿನಲ್ಲಿ ಮೆತ್ತಗೆ ಹಿಚುಕಿದ ಇಡ್ಲಿ ಯಾವ ಶ್ವಾಸಕ್ಕೆ ಅಡ್ಡ ಬಂದೀತು ಎಂದುಕೊಂಡು ಒಂದರ ಬದಲು ಮೂರು ಹಾಕಿದೆ. ಎದುರಿಗೆ ದೊಡ್ಡ ದಿನವಿದೆ, ಪಾಪ, ಎಂದು.

ನಾಯಿ ಮಲಗಿದಲ್ಲೇ ತಿಂದಿತು. ತಿಂದು ಮುಗಿಸಿ, ತಟ್ಟೆ ನೆಕ್ಕಿ, ನಾನು ಕರೆದಾಗ ಎದ್ದಿತು. ಎದೆ ಎದ್ದಿತು, ಮುಂಗಾಲು ಊರಿತು. ಸೊಂಟ ಹಾಸಿಗೆಯಲ್ಲೇ ಉಳಿಯಿತು. ಇನ್ನೊಮ್ಮೆ ಪ್ರಯತ್ನಿಸಿತು. ಎರಡು ಹಿಂಗಾಲುಗಳೂ ಒದ್ದೆ ಬಟ್ಟೆಯಂತೆ ಹಿಂದೆ ಬಿದ್ದಿದ್ದವು.

ಫೋನ್ ಮಾಡಿದೆ. ಸರ್ಜನ್ ನಿದ್ದೆಗಣ್ಣಿನಲ್ಲಿದ್ದರೂ ಒಂದೇ ಮಾತಿಗೆ ಎಚ್ಚರಾದರು. "ಈಗಿಂದೀಗ ಕರ್ಕೊಂಡು ಬರ್ರಿ. ಬೆನ್ನು ಅಲುಗಾಡಬಾರದು. ಯಾವುದಾದ್ರೂ ಹಲಗಿ ಮ್ಯಾಲ ಮಲಗಿಸ್ರಿ." ಸ್ಟೋರ್‌ರೂಮಿನಲ್ಲಿ ಹಲಗೆ ಎಂದರೆ ಇದ್ದದ್ದು ಹಳೆಯ ಮೆನು ಬೋರ್ಡು. ಅದರ ಮೇಲೆ ಹಾಸಿಗೆ ಹಾಸಿ, ನಾಯಿಯನ್ನು ಮಲಗಿಸಿ, ಅಡುಗೆಯವರ ಎರಡು ಲುಂಗಿಯಿಂದ ಕಟ್ಟಿದೆವು. ಹೆಂಡತಿ ಓಡಿಬಂದಳು. ಕರೆಸಿದ ಬಾಡಿಗೆ ಗಾಡಿ ಏಳಕ್ಕೆ ಹೊರಟಿತು.

ಮುಲುಂಡಿನಿಂದ ವಿಲೆ ಪಾರ್ಲೆಗೆ ಬೆಳಗಿನ ಹೊತ್ತು ಹೋದವರಿಗೆ ಗೊತ್ತು, ಪೊವಾಯಿ ದಾಟುವಷ್ಟರಲ್ಲಿ ದೇವರು ನೆನಪಾಗುತ್ತಾನೆ. ಹೆಂಡತಿ ನಾಯಿಯ ತಲೆಯ ಹತ್ತಿರ ಕೂತು ಅದರ ಕಿವಿ ಸವರುತ್ತಿದ್ದಳು. ನಾಯಿ ಅಳುತ್ತಿರಲಿಲ್ಲ, ಅದೇ ನನಗೆ ಹೆಚ್ಚು ಹೆದರಿಕೆ ಹುಟ್ಟಿಸಿತ್ತು. ಮೂರು ಇಡ್ಲಿಯ ಮಾತನ್ನು ನಾನು ಅವಳಿಗೆ ಇನ್ನೂ ಹೇಳಿರಲಿಲ್ಲ. ಈಗ ಹೇಳಿದರೆ ಗಾಡಿಯಲ್ಲೇ ಯುದ್ಧವಾಗುತ್ತದೆ. ಡಾಕ್ಟರು ಕೇಳಿದರೆ ನೋಡೋಣ, ಕೇಳದಿದ್ದರೆ ಇಡ್ಲಿ ಅಷ್ಟರಲ್ಲಿ ಕರಗಿಯೇ ಹೋಗಿರುತ್ತದೆ ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡೆ. ಇಷ್ಟು ವಯಸ್ಸಾದ ಗಂಡಸು ಶಾಲೆಯ ಹುಡುಗನಂತೆ ಲೆಕ್ಕ ಹಾಕುತ್ತಿದ್ದೆ.

ಒಂಬತ್ತಕ್ಕೆ ನಾಯಿ ಸರ್ಜನ್‌ರ ಮೇಜಿನ ಮೇಲಿತ್ತು. ಅವರು ಇಕ್ಕಳದಂಥ ಒಂದು ಕತ್ತರಿ ತೆಗೆದುಕೊಂಡರು.

"ಈಗ ಹಿಂಗಾಲಿನ ಬಟ್ಟು, ಅಂದ್ರ ಬೆರಳು, ಚಿವುಟ್ತೀನಿ. ಕಾಲು ಹಿಂದಕ್ಕ ಎಳಕೊಂಡ್ರ ಅದಕ್ಕ ಅರ್ಥ ಇಲ್ರೀ, ಅದು ಕಾಲು ತಾನ ಮಾಡೂದು. ನೋವು ತಲಿಗೆ ಮುಟ್ಟೇತೋ ಇಲ್ಲೋ ಮಾರಿ ಹೇಳ್ತದ. ನಿಮಗ ಅದರ ಮಾರಿ ಗುರ್ತು. ತಲಿ ಹಿಡಕೊಂಡು ನೀವು ನೋಡ್ರಿ."

ನಾಯಿಯ ತಲೆಯನ್ನು ನನ್ನ ಎರಡು ಕೈಯಲ್ಲಿ ಹಿಡಿದುಕೊಂಡೆ. ಅವರು ಚಿವುಟಿದರು. ನಾಯಿಯ ಕಣ್ಣು ಅಗಲವಾಗಿ, ಅದು ತಲೆ ತಿರುಗಿಸಲು ನೋಡಿತು.

"ನೋಡ್ತು," ಎಂದೆ.

"ಛಲೋ ಆತು. ನೋವು ಗೊತ್ತಾಗೂತನಕ ಆಸೆ ಅದ. ಅದು ಹೋತಂದ್ರ ಕಾಲು ಮರಳಿ ಬರೂದು ಕಷ್ಟ. ಹತ್ತಕ್ಕ ತಗೊಳ್ಳೂಣು."

ಅರಿವಳಿಕೆ ಕೊಡುವ ಡಾಕ್ಟರು ಬಂದರು. ಮರಾಠಿಯವರು, ಶಾಂತ ಮನುಷ್ಯ. ಕೊನೆಯ ಸಲ ತಿಂದದ್ದು ಯಾವಾಗ ಎಂದು ಹಿಂದಿಯಲ್ಲಿ ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಹೆಂಡತಿ, ನಿನ್ನೆ ರಾತ್ರಿ ಒಂಬತ್ತು ಗಂಟೆಗೆ ಎಂದು ಉತ್ತರಿಸಿದಳು. ಅವಳ ದನಿಯಲ್ಲಿ ಒಂದಿಷ್ಟೂ ಅನುಮಾನವಿರಲಿಲ್ಲ. ಅವರು ಬರೆದುಕೊಂಡರು. ಹೆಂಡತಿ ನೀರು ಕುಡಿಯಲು ಹೊರಗೆ ಹೋದಳು. ನನ್ನ ಮುಂದೆ ಒಪ್ಪಿಗೆಯ ಕಾಗದ ಬಂತು. ಸಹಿ ಮಾಡುವ ಜಾಗದ ಮೇಲಿನ ಸಾಲಿನಲ್ಲಿ ಆ ರಾತ್ರಿ ಒಂಬತ್ತು ಎಂಬುದಿತ್ತು. ಪೆನ್ನು ಹಿಡಿದೆ. ನಾಯಿ ಮೇಜಿನ ಮೇಲಿಂದ ನನ್ನನ್ನೇ ನೋಡುತ್ತಿತ್ತು, ಬಾಲ ಅಲ್ಲಾಡಿಸಲು ಅದಕ್ಕೆ ಆಗುತ್ತಿರಲಿಲ್ಲ.

"ಬೆಳಗ್ಗೆ ಒಂದು ಇಡ್ಲಿ ಕೊಟ್ಟಿದ್ದೆ," ಎಂದೆ.

ಸರ್ಜನ್ ಕೈ ತೊಳೆಯುತ್ತಿದ್ದವರು ನಲ್ಲಿ ನಿಲ್ಲಿಸಿದರು. "ಏನಂದ್ರಿ?"

"ಇಡ್ಲಿ. ಮೆತ್ತಗಿನದ್ದು. ಊಟ ಏನೂ ಕೊಟ್ಟಿಲ್ಲ."

"ಇಡ್ಲಿ ಊಟ ಅಲ್ಲೇನ್ರೀ? ನಾಯಿ ಮಲಗಿಸಿ ತಂದೀರಲ್ಲ, ಆ ಹಲಗಿ ಓದ್ರಿ. ಮೊದಲನೇ ಸಾಲಿನಾಗ ಏನದ?"

ಓದುವ ಅಗತ್ಯವಿರಲಿಲ್ಲ. ಅದನ್ನು ಬರೆಸಿದವನೇ ನಾನು.

ಅರಿವಳಿಕೆಯ ಡಾಕ್ಟರು ಹತ್ತಿರ ಬಂದು ಮೆತ್ತಗೆ, "ಅಂಕಲ್, ಸಚ್ ಬೋಲೋ. ಕಿತ್ನಾ?" ಎಂದರು.

"ಮೂರು," ಎಂದೆ. "ಆರು ಗಂಟೆಗೆ."

ನಲವತ್ತು ವರ್ಷ ಹೆಂಡತಿ ಬಿಟ್ಟರೆ ನನ್ನ ಮೇಲೆ ಯಾರೂ ದನಿ ಎತ್ತಿದವರಿಲ್ಲ. ಆ ಹೆಂಗಸು ಎತ್ತಲೂ ಇಲ್ಲ. ಎತ್ತಿದ್ದರೆ ನಾನೂ ಎತ್ತುತ್ತಿದ್ದೆ, ಜಗಳವಾಗಿ ಹಗುರಾಗುತ್ತಿತ್ತು. ಅವರು ಗಡಿಯಾರ ನೋಡಿ, ಅರಿವಳಿಕೆಯ ಡಾಕ್ಟರ ಜೊತೆ ಇಂಗ್ಲಿಷಿನಲ್ಲಿ ಮಾತಾಡಿ, ನನ್ನ ಕಡೆ ತಿರುಗಿದರು. ಹೊಟ್ಟೆ ಖಾಲಿಯಾಗಲು ಮಧ್ಯಾಹ್ನ ಎರಡಾಗಬೇಕು. ವಾಂತಿ ಮಾಡಿಸೋಣವೆಂದರೆ ಆ ಮುಕ್ಕರಿಕೆಗೆ ಬೆನ್ನು ಇನ್ನಷ್ಟು ಒತ್ತಿಕೊಳ್ಳುತ್ತದೆ. ಕಾಯೋಣವೆಂದರೆ ಹುರಿ ಕಾಯುತ್ತದೋ ಇಲ್ಲವೋ ಯಾರಿಗೂ ಗೊತ್ತಿಲ್ಲ. "ಅರ್ಧಾ ತಾಸಿಗೊಮ್ಮೆ ಚಿವುಟಿ ನೋಡ್ತೀನಿ. ನೋವು ತಿಳಿಯೂತನಕ ಕಾಯೂಣು. ತಿಳೀಲಿಲ್ಲಂದ್ರ ಹೊಟ್ಟಿ ತುಂಬಿದ್ರೂ ಒಳಗ ಒಯ್ತೀನಿ. ಆಮೇಲೆ ಏನಾದ್ರೂ ಆಗಲಿ, ಸಹಿ ನಿಮ್ಮದು."

ಹೊರಗೆ ಹೆಂಡತಿ, "ಇನ್ನೂ ಯಾಕೆ ಒಳಗೆ ತಕೊಂಡು ಹೋಗ್ಲಿಲ್ಲ?" ಎಂದು ಕೇಳಿದಳು. ಏನೋ ತಯಾರಿ ನಡೀತಾ ಉಂಟು ಎಂದೆ. ಡಾಕ್ಟರಿಗೆ ನಿಜ ಹೇಳಿದ ಬಾಯಿಯೇ ಅವಳಿಗೆ ಸುಳ್ಳು ಹೇಳಿತು.

ಹತ್ತಕ್ಕೆ ಚಿವುಟಿದರು. ನಾಯಿ ನೋಡಿತು. ಹತ್ತೂವರೆಗೆ ಚಿವುಟಿದರು. ಆಗಲೂ ನೋಡಿತು, ಆದರೆ ತಡವಾಗಿ, ದೂರದಲ್ಲಿ ಯಾರೋ ಕರೆದ ಹಾಗೆ. ಹನ್ನೊಂದಕ್ಕೆ ಹುಬ್ಬಿನ ಮೇಲಿನ ಚರ್ಮ ಮಾತ್ರ ಅಲುಗಿತು. ಅದು ನೋವಿಗೋ, ನನ್ನ ಉಸಿರು ತಾಗಿದ್ದಕ್ಕೋ ನನಗೆ ತಿಳಿಯಲಿಲ್ಲ. ನೋಡ್ತು ಎಂದೇ ಹೇಳಿದೆ. ಸರ್ಜನ್ ನನ್ನ ಮುಖವನ್ನು ಸ್ವಲ್ಪ ಹೊತ್ತು ನೋಡಿ ಹೊರಟುಹೋದರು.

ಆ ಅರ್ಧ ಗಂಟೆ ನಾನು ಮೇಜಿನ ಪಕ್ಕವೇ ನಿಂತಿದ್ದೆ. ನನ್ನ ಮನಸ್ಸಿನಲ್ಲಿ ಏನಿತ್ತು ಎಂದು ಇಲ್ಲಿ ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆಯುತ್ತೇನೆ. ನೋಡ್ತು, ನೋಡ್ತು ಎಂದು ಎರಡು ಗಂಟೆಯವರೆಗೆ ತಳ್ಳಿದರೆ ಇಡ್ಲಿ ಕರಗುತ್ತದೆ. ಆಪರೇಷನ್ ಮೇಜಿನ ಮೇಲೆ ನಾಯಿ ಸಾಯುವುದಿಲ್ಲ, ನನ್ನಿಂದ ಸತ್ತಿತು ಎಂದು ಯಾರೂ ಹೇಳುವಂತಿಲ್ಲ. ಕಾಲು ಬರದಿದ್ದರೆ, ಪ್ರಾಯ ಆಗಿತ್ತು ಎನ್ನಬಹುದು. ನನಗೆ ಆ ಮಾತು ಎಷ್ಟು ರೂಢಿಯಾಗಿತ್ತೆಂದರೆ ನಾಲಗೆಯ ತುದಿಯಲ್ಲೇ ಸಿದ್ಧವಾಗಿತ್ತು.

ಹನ್ನೊಂದೂವರೆಗೆ ಅವರು ಬಂದು ಕತ್ತರಿ ಎತ್ತಿಕೊಂಡರು. ನಾನು ತಲೆ ಹಿಡಿದೆ. ಅವರ ಬೆರಳುಗಳು ಬಿಳಿಯಾಗುವಷ್ಟು ಬಿಗಿಯಾಗಿ ಅವರು ಚಿವುಟುತ್ತಿರುವುದು ನನಗೆ ಕಾಣಿಸುತ್ತಿತ್ತು. ಕಾಲು ತಾನಾಗಿ ಒಮ್ಮೆ ಮಡಚಿಕೊಂಡಿತು. ನಾಯಿ ನನ್ನನ್ನು ನೋಡುತ್ತಿತ್ತು, ನನ್ನನ್ನೇ, ಆರಾಮವಾಗಿ, ಏನೂ ಆಗದವರ ಹಾಗೆ.

"ಏನ್ರೀ?"

ನಾನು ನಾಯಿಯ ಕಿವಿಯನ್ನು ಹಿಂದಕ್ಕೆ ಸವರಿದೆ.

"ಇನ್ನೊಮ್ಮೆ ಚಿವುಟ್ಲೇನು?"

"ಬೇಡ," ಎಂದೆ. "ಇಲ್ಲ. ಅದಕ್ಕೆ ಗೊತ್ತಾಗ್ಲಿಲ್ಲ. ಹನ್ನೊಂದು ಗಂಟೆಗೂ ಸರಿ ಗೊತ್ತಾಗಿರ್ಲಿಲ್ಲ, ನಾನು ಸುಳ್ಳು ಹೇಳಿದೆ."

ಎರಡೇ ನಿಮಿಷದಲ್ಲಿ ನಾಯಿ ಒಳಗೆ ಹೋಯಿತು, ಬಾಗಿಲು ಮುಚ್ಚಿತು. ನನ್ನ ಅಂಗಿಯ ತೋಳಿನಲ್ಲಿ ಅದರ ಕೂದಲು ಅಂಟಿಕೊಂಡಿತ್ತು.

ಹೊರಗೆ ಬಂದು ಹೆಂಡತಿಯ ಪಕ್ಕ ಕೂತೆ. ಈಗ ಹೇಳದಿದ್ದರೆ ಇನ್ನು ಈ ಜನ್ಮದಲ್ಲಿ ಹೇಳುವುದಿಲ್ಲ ಎಂದು ಗೊತ್ತಾಯಿತು. ಎಲ್ಲವನ್ನೂ ಹೇಳಿದೆ, ಮೂರು ಇಡ್ಲಿ, ಆರು ಗಂಟೆ, ಹನ್ನೊಂದು ಗಂಟೆಯ ಸುಳ್ಳು. ಅವಳು ಬೈಯುತ್ತಾಳೆ ಎಂದು ಕಾದೆ. ಅವಳು ಬ್ಯಾಗು ಎತ್ತಿಕೊಂಡು ಎದ್ದು, ಎದುರು ಗೋಡೆಯ ಬೆಂಚಿಗೆ ಹೋಗಿ ಕೂತಳು. ಮೂವತ್ತೆಂಟು ವರ್ಷದ ಸಂಸಾರದಲ್ಲಿ ನಾವು ಆಡದ ಜಗಳವಿಲ್ಲ. ಆದರೆ ಅವಳು ಜಗಳವನ್ನೇ ಆಡದೆ ಎದ್ದುಹೋದದ್ದು ಅದೇ ಮೊದಲು.

ಒಂದು ಗಂಟೆ ಕಳೆಯಿತು, ಎರಡು ಗಂಟೆ ಕಳೆಯಿತು. ಒಳಗಿನಿಂದ ಆಗಾಗ ಡ್ರಿಲ್ಲಿನ ಸಣ್ಣ ಸದ್ದು ಬರುತ್ತಿತ್ತು. ಬೇರೆ ನಾಯಿಗಳು, ಬೆಕ್ಕುಗಳು ಬಂದವು, ಹೋದವು. ಒಬ್ಬಾಕೆ ತನ್ನ ಬೆಕ್ಕಿಗೆ ಇಂಜೆಕ್ಷನ್ ಕೊಟ್ಟರೆಂದು ಅಳುತ್ತಿದ್ದಳು. ನನಗೆ ಅವಳ ಮೇಲೆ ಸಿಟ್ಟು ಬಂತು, ಆಮೇಲೆ ಸಿಟ್ಟು ಬಂದದ್ದಕ್ಕೆ ಬೇಜಾರಾಯಿತು.

ಎರಡೂವರೆಗೆ ಅರಿವಳಿಕೆಯ ಡಾಕ್ಟರು ಮೊದಲು ಹೊರಗೆ ಬಂದರು. ಬದುಕಿದೆ ಎಂದರು. ಮಂಪರು ಬರುವಷ್ಟರಲ್ಲಿ ಇಡ್ಲಿ ಮೇಲೆ ಬಂದಿತ್ತಂತೆ. ಗೊತ್ತಿದ್ದರಿಂದ ತಲೆ ಎತ್ತಿ ಹಿಡಿದು, ಶ್ವಾಸಕ್ಕೆ ನಳಿಕೆ ಮೊದಲೇ ಸಿದ್ಧವಾಗಿಟ್ಟುಕೊಂಡು, ಎಲ್ಲವನ್ನೂ ಎಳೆದು ತೆಗೆದರಂತೆ. "ಗೊತ್ತಿರದಿದ್ದರೆ?" ಎಂದು ಹೆಂಡತಿ ಅಲ್ಲಿಂದಲೇ ಹಿಂದಿಯಲ್ಲಿ ಕೇಳಿದಳು. ಅವರು ಕೈಯನ್ನು ಆಚೀಚೆ ಆಡಿಸಿದರು ಅಷ್ಟೆ.

ಸರ್ಜನ್ ಒಂದು ಸಣ್ಣ ಡಬ್ಬಿ ತಂದು ತೋರಿಸಿದರು. ಒಳಗೆ ಒಣಗಿದ ತೆಂಗಿನಕಾಯಿಯ ಚೂರುಗಳಂತೆ ಏನೋ ಇತ್ತು, ಒಂದು ಚಮಚೆಯಷ್ಟೂ ಇರಲಿಲ್ಲ. ಅಷ್ಟಕ್ಕೇ ಅಷ್ಟು ದೊಡ್ಡ ಪ್ರಾಣಿ ನೆಲ ಹಿಡಿದಿತ್ತು. "ಹುರಿಯ ಮ್ಯಾಲಿನ ಭಾರ ಹೋಗ್ಯದ. ಬಣ್ಣ ಛಲೋ ಅದ. ಆದ್ರ ನೋವು ಮರಳಿ ಬರ್ತದೋ ಇಲ್ಲೋ ನಾ ಹೇಳ್ಲಾರೆ. ಎರಡು ವಾರ ನೋಡೂಣು. ಬರಲಿಲ್ಲಂದ್ರ ಮುಂದ ಬರೂದು ಭಾಳ ಕಮ್ಮಿ."

ಮೂರನೇ ದಿನ ನಾಯಿ ಸ್ಟೋರ್‌ರೂಮಿಗೆ ಮರಳಿತು. ಹೋಟೆಲಿನಲ್ಲಿ ಹೆಚ್ಚು ಹೊತ್ತು ನಿಲ್ಲದ ಹೆಂಡತಿ ಬೆಳಗ್ಗಿನಿಂದ ಸಂಜೆಯವರೆಗೆ ಅಲ್ಲೇ ಕೂತಳು. ನಾಯಿಗೆ ಉಚ್ಚೆ ತಾನಾಗಿ ಬರುತ್ತಿರಲಿಲ್ಲ, ದಿನಕ್ಕೆ ನಾಲ್ಕು ಸಲ ಹೊಟ್ಟೆಯ ಕೆಳಗೆ ಎರಡೂ ಕೈಯಿಂದ ಒತ್ತಿ ತೆಗೆಯಬೇಕಿತ್ತು. ಅದನ್ನು ಇಬ್ಬರು ಸೇರಿ ಮಾಡಬೇಕು, ಒಬ್ಬರು ಹಿಡಿಯಬೇಕು, ಒಬ್ಬರು ಒತ್ತಬೇಕು. "ಹಿಡೀರಿ." "ಒತ್ತಿ." "ಸಾಕು." ಆ ದಿನಗಳಲ್ಲಿ ಅವಳು ನನ್ನ ಜೊತೆ ಆಡಿದ್ದು ಈ ಮೂರು ಮಾತು. ಹಿಂಗಾಲುಗಳನ್ನು ಸೈಕಲ್ ತುಳಿಸುವಂತೆ ಆಡಿಸಬೇಕು ಎಂದಿದ್ದರು, ಆಡಿಸಿದೆವು. ಯಾರೂ ನೋಡದಾಗ ನಾನು ಬೆರಳು ಚಿವುಟಿ ನೋಡುತ್ತಿದ್ದೆ. ನಾಯಿ ನನ್ನ ಕಡೆ ಆರಾಮವಾಗಿ ನೋಡುತ್ತಿತ್ತು. ಆ ಆರಾಮ ನನ್ನನ್ನು ಕೊಲ್ಲುತ್ತಿತ್ತು.

ಹನ್ನೆರಡನೇ ದಿನ ಹೊಲಿಗೆ ತೆಗೆಸಲು ವಿಲೆ ಪಾರ್ಲೆಗೆ ಹೋದೆವು. ಹೊಲಿಗೆಯ ನಂತರ ಸರ್ಜನ್ ಕತ್ತರಿ ತೆಗೆದುಕೊಂಡು, ತಲೆ ಹಿಡಿಯಲು ಕಣ್ಣಲ್ಲೇ ನನಗೆ ಹೇಳಿದರು. ಹೆಂಡತಿ ಮೇಜಿನ ಇನ್ನೊಂದು ಬದಿಗೆ ಬಂದು ನಿಂತಳು. ಬಲಗಾಲಿನ ಬೆರಳು ಚಿವುಟಿದರು. ಏನೂ ಇಲ್ಲ. ಇನ್ನೊಂದು ಬೆರಳಿಗೆ ಹೋಗಿ, ಉಗುರಿನ ಬುಡವನ್ನೇ ಹಿಡಿದು, ಹಲ್ಲು ಕಚ್ಚಿಕೊಂಡು ಅದುಮಿದರು.

ಹನ್ನೊಂದು ವರ್ಷದಲ್ಲಿ ಯಾರಿಗೂ ಹಲ್ಲು ತೋರಿಸದ ನಾಯಿ ನನ್ನ ಮುಂಗೈಯನ್ನು ಕಚ್ಚಿತು. ಆಟಕ್ಕಲ್ಲ, ನಿಜವಾಗಿ ಕಚ್ಚಿತು. ರಕ್ತ ಮೇಜಿನ ಮೇಲೆ ತೊಟ್ಟಿಕ್ಕಿತು. ಸರ್ಜನ್ ಕತ್ತರಿ ಬಿಟ್ಟು ಹತ್ತಿಗೆ ಕೈಹಾಕಿದರು. ನನ್ನ ಕಣ್ಣಿಂದ ನೀರು ಬರುತ್ತಿತ್ತು, ಅದು ನೋವಿಗಲ್ಲ.

"ಕೈ ತಗೀರಿ, ತೊಳೀಬೇಕು."

"ಆಮೇಲೆ ತೊಳೆಯುವ. ಮೊದಲು ಆ ಕಾಲು ನೋಡಿ," ಎಂದು ಎಡಗಾಲನ್ನು ತೋರಿಸಿ, ಅದೇ ಕೈಯನ್ನು ನಾಯಿಯ ಬಾಯಿಯ ಮುಂದೆ ಹಿಡಿದೆ.

ಅವರು ಎಡಗಾಲಿನ ಬೆರಳು ಚಿವುಟಿದರು. ನಾಯಿ ಸುಮ್ಮನಿತ್ತು. ಅವರು ನನ್ನನ್ನು ನೋಡಿ ಇಲ್ಲವೆಂದು ತಲೆಯಾಡಿಸಿ, ಕತ್ತರಿಯನ್ನು ಕೆಳಗಿಡಲು ಹೋದರು.

"ಇನ್ನೊಂದು ಸಲ ಚಿವುಟಿ ಡಾಕ್ಟ್ರೇ," ಎಂದಳು ಹೆಂಡತಿ. ಹನ್ನೆರಡು ದಿನದ ಮೇಲೆ ಅವಳು ನೇರವಾಗಿ ನನ್ನ ಮುಖ ನೋಡಿದಳು. "ಇವ್ರು ಕೈ ತೆಗೆಯುದಿಲ್ಲ."